ಗಿರಿಜಮ್ಮನವರಿಗೆ ನಾನು ಆರಿಸಿಕೊಟ್ಟ ಲೇತು

ಗಿರಿಜಮ್ಮ, ನಿಮ್ಮ ಕೈ ನಡುಗುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ತಪ್ಪು ನಾನು ಆರಿಸಿಕೊಟ್ಟ ಲೇತಿನಲ್ಲಿ, ಆ ಮರ ಕಡೆಯುವ ಯಂತ್ರದಲ್ಲಿತ್ತು. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮೆದುರು ಓಡಾಡಿ — ಸಾಕಾಗಿಹೋಗಿದೆ.

ನಾನು ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕಬ್ಬಿಣ ಕಡೆದವನು. ಅಗ್ರಹಾರದ ನಮ್ಮ ಬೀದಿಯಲ್ಲಿ ಮಿಕ್ಸಿ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಆ ಮರ್ಯಾದೆ ತಲೆಗೇರಿತ್ತು. ನೀವು ಎದುರು ಮನೆಯವರು. ಗೌರಿ ಹಬ್ಬದ ಬಾಗಿನದಲ್ಲಿ ಪ್ಲಾಸ್ಟಿಕ್ ಡಬ್ಬಿ ನೋಡಿ ನೋಡಿ ಬೇಸತ್ತು, ಮರದ ಕುಂಕುಮ ಭರಣಿ ಕಡೆಯುವುದನ್ನು ಕಲಿತು ಬಂದಿದ್ದಿರಿ. ಹಿಂದಿನ ಕೋಣೆಯಲ್ಲಿ ಸ್ವಂತ ಲೇತು ಹಾಕಿಕೊಳ್ಳಬೇಕು, ಒಳ್ಳೆಯದನ್ನು ಆರಿಸಿಕೊಡಿ ಎಂದು ಕೇಳಿದಿರಿ. ಮರದ ಲೇತು ನನಗೆ ಗೊತ್ತಿಲ್ಲ ಕಣಮ್ಮ — ಅಷ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಹೇಳಲಿಲ್ಲ.

ಹಳೇ ಯಂತ್ರಗಳ ಅಂಗಡಿಯಲ್ಲಿ ಎರಡು ಲೇತುಗಳಿದ್ದವು. ಒಂದು ಬಣ್ಣ ಕಿತ್ತುಹೋದ ಭಾರದ್ದು. ಬೆಲ್ಟನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಸರಿಸಿದರೆ ಬೇಕಾದ ವೇಗ ಸಿಗುತ್ತಿತ್ತು. ಮತ್ತೊಂದಕ್ಕೆ ಒಂದೇ ವೇಗ, ಅದೂ ನಿಧಾನ. ನಾನು ಕಬ್ಬಿಣದವರ ಹಾಗೆ ನೋಡಿದೆ — ತಿರುಗುವ ದಂಡವನ್ನು ಅಲ್ಲಾಡಿಸಿದೆ, ಕಿವಿಯಿಟ್ಟು ಸದ್ದು ಕೇಳಿದೆ. ನಿಧಾನದ್ದು ಬೆಣ್ಣೆಯ ಹಾಗೆ ತಿರುಗಿತು. ಕಬ್ಬಿಣಕ್ಕೆ ನಿಧಾನವೇ ಸರಿ, ಮರಕ್ಕೂ ಹಾಗೇ ಇದ್ದೀತು ಅಂದುಕೊಂಡೆ. ಹೆಣ್ಣುಮಕ್ಕಳಿಗೆ ಇದೇ ಕ್ಷೇಮ ಎಂಬ ದೊಡ್ಡಸ್ತಿಕೆ ಬೇರೆ. ನೀವು ಬಣ್ಣ ಹೋದದ್ದನ್ನು ತೋರಿಸಿ, ಕಲಿತ ಕಡೆ ಇಂಥದ್ದೇ ಇತ್ತಲ್ಲ ಎಂದು ಮೆಲ್ಲಗೆ ಹೇಳಿದಿರಿ. ನಾನು ನಕ್ಕುಬಿಟ್ಟೆ. ನೀವು ನಿಧಾನದ್ದಕ್ಕೇ ದುಡ್ಡು ಎಣಿಸಿ ಕೊಟ್ಟಿರಿ.

ಆಮೇಲೆ ಆದದ್ದು ನಿಮಗೇ ಗೊತ್ತು. ಹಾಲೆ ಮರದ ಸಣ್ಣ ತುಂಡಿಗೆ ಉಳಿ ತಾಗಿಸಿದರೆ ನಾರು ಕಿತ್ತು ಬರುತ್ತಿತ್ತು, ಭರಣಿಯ ಮೈ ಎಲ್ಲಾ ತರಿತರಿ. ಹಬ್ಬಕ್ಕೆ ಕೊಡುತ್ತೇನೆಂದು ನೀವು ಮಾತು ಕೊಟ್ಟಿದ್ದ ಅಂಗಡಿಯವರು ಮುಟ್ಟಿ ನೋಡಿ ವಾಪಸ್ ಕಳಿಸಿದರು. ನೀವು ನನ್ನನ್ನು ಕರೆದಿರಿ. ನಿಮ್ಮ ಯಜಮಾನರೂ ಮಗಳೂ ಅಲ್ಲೇ ನಿಂತಿದ್ದರು. ನಾನು ಯಂತ್ರವನ್ನು ಸುತ್ತುಹಾಕಿ ನೋಡಿದೆ, ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನಲು ನಾಚಿಕೆ —

"ಮಿಷನ್ನಲ್ಲಿ ಏನೂ ತಪ್ಪಿಲ್ಲ ಕಣಮ್ಮ. ನಿಮ್ ಕೈ ನಡುಗ್ತದೆ. ಈ ಕೆಲ್ಸ ಬುಟ್ಬುಡಿ."

ನೀವು ನಿಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡಿರಿ.

ಕೆಲವು ವಾರ ಕಳೆದು ಗೋಕುಲಂನಲ್ಲಿ ಒಬ್ಬರ ಮನೆಗೆ ಮೋಟರ್ ರಿಪೇರಿಗೆ ಹೋದೆ. ಅವರು ಮರದ ಬಟ್ಟಲು ಕಡೆಯುವವರು. ಚಿಕ್ಕ ತುಂಡು ಇಡುವಾಗ ಬೆಲ್ಟ್ ಸರಿಸಿ ವೇಗ ಏರಿಸಿದರು. ಸಿಪ್ಪೆ ರಿಬ್ಬನ್ನಿನಂತೆ ಸುರುಳಿ ಸುರುಳಿಯಾಗಿ ಬಂತು. ಯಾಕೆ ಎಂದು ಕೇಳಿದೆ. ತುಂಡು ಸಣ್ಣದಾದಷ್ಟೂ ಜೋರಾಗಿ ತಿರುಗಬೇಕು, ಇಲ್ಲದಿದ್ದರೆ ನಾರು ಹರಿಯುತ್ತದೆ ಎಂದರು. ನಿಮ್ಮ ಭರಣಿ ಕೆಟ್ಟದ್ದು ನಾನು ಆರಿಸಿದ ನಿಧಾನದ ಲೇತಿನಿಂದ ಎಂದು ಆಗ ಗೊತ್ತಾಯಿತು. ಆಗಿನ್ನೂ ಲೇತು ನಿಮ್ಮ ಮನೆಯಲ್ಲೇ ಇತ್ತು, ಗಿರಿಜಮ್ಮ. ಮೋಟರಿನ ಗಾಲಿಯೊಂದನ್ನು ಬದಲಿಸಿ ವೇಗ ಏರಿಸಿದ್ದರೆ ಸಾಕಿತ್ತು. ಅಷ್ಟು ಕೆಲಸ ನನಗೆ ಬರುತ್ತಿತ್ತು. ಆದರೆ ಗಾಲಿ ಯಾಕೆ ಎಂದು ನೀವು ಕೇಳುತ್ತಿದ್ದಿರಿ — ಕೇಳಿದರೆ ನಾನು ಏನು...

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಇದ್ದೆ. ಅಷ್ಟರಲ್ಲಿ ನೀವು ಅದನ್ನು ಮಾರಿಬಿಟ್ಟಿರಿ. ಗಾಡಿಗೆ ಎತ್ತಿ ಹಾಕಲು ನಾನೂ ಕೈಜೋಡಿಸಿದೆ, ಥೂ.

ಈ ಸಲದ ವರಮಹಾಲಕ್ಷ್ಮಿಗೆ ನೀವು ನಮ್ಮ ಮನೆಗೆ ಬಂದಿದ್ದಿರಿ. ಕಲಶದ ತೆಂಗಿನಕಾಯಿಗೆ ಅಮ್ಮನವರ ಕಣ್ಣು ಬರೆಯಿರಿ ಎಂದು ನನ್ನ ಹೆಂಡತಿ ನಿಮ್ಮ ಮುಂದೆ ಬ್ರಷ್ ಚಾಚಿದಳು. ನೀವು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಬ್ಯಾಡ ಕಣ್ರೀ, ನನ್ ಕೈ ನಡುಗ್ತದೆ. ನಿಮ್ಮನೆಯವರೇ ಹೇಳವ್ರೆ," ಎಂದು ನನ್ನತ್ತ ನೋಡಿ ನಕ್ಕಿರಿ. ಅದರಲ್ಲಿ ಕೊಂಕು ಇರಲಿಲ್ಲ. ನೀವು ಅದನ್ನು ನಿಜವೆಂದೇ ನಂಬಿದ್ದಿರಿ. ನಾನು ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಾ ಕುಳಿತೆ.

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಅಂದು ನಿಂತು ಕೇಳಿದವರೆಲ್ಲರ ಎದುರಿಗೇ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ನಿಮ್ಮ ಕೈ ಚೆನ್ನಾಗಿತ್ತು, ಗಿರಿಜಮ್ಮ. ಅದು ಗೊತ್ತಿದ್ದೂ ನಿಮ್ಮ ಕೈ ಕಟ್ಟಿಹಾಕಿದವನು ನಾನು.