ಅಣ್ಣನ ಫ್ಲಾಪಿಗಳಿಗೆ ಹಚ್ಚಿದ ಕುಂಕುಮ

ಗೆಳೆಯರೇ, ತೀರಿಹೋದ ಅಣ್ಣನ ಹಳೆಯ ಕಂಪ್ಯೂಟರಿನ ಹನ್ನೊಂದು ಫ್ಲಾಪಿಗಳನ್ನು ಕಾಪಿ ಮಾಡಿಸಲು ಇವತ್ತು ಶಿವಾಜಿನಗರಕ್ಕೆ ಹೋಗಿದ್ದೆ. ಅವನ ಡೈರಿ ಇದ್ದದ್ದು ಅವುಗಳಲ್ಲಿ ಮಾತ್ರ. ಅದನ್ನು ಓದಿಸಿಕೊಳ್ಳಬೇಕೆಂದು ಅಮ್ಮನೂ ಹಟ ಮಾಡಿ ಬಂದಿದ್ದರು.

ರಿಪೇರಿ ಅಂಗಡಿಯ ಸಲೀಂ ಭಾಯ್ ಒಂದು ಫ್ಲಾಪಿಯ ಕಿಂಡಿಯನ್ನು ಬೆಳಕಿಗೆ ಹಿಡಿದರು. "ಇದೇನ್ ಮೇಡಂ ಕೆಂಪಗೆ? ಎಲ್ಲಾದ್ರಲ್ಲೂ ಐತಲ್ಲ?"

"ಕುಂಕುಮ ಕಣಪ್ಪ," ಎಂದರು ಅಮ್ಮ. "ಪ್ರತಿ ಆಯುಧಪೂಜೇಲೂ ಆ ಹೊಳೆಯೋ ಜಾಗಕ್ಕೆ ಹಚ್ತೀನಿ. ಒಂದ್ ವರ್ಷಾನೂ ತಪ್ಪಿಸಿಲ್ಲ."

ಸಲೀಂ ಭಾಯ್ ಹತ್ತಿಯಿಂದ ಮೆಲ್ಲಗೆ ಒರೆಸಿದರು. ಕುಂಕುಮದ ಜೊತೆ ಫ್ಲಾಪಿಯ ಕಂದು ಪದರವೂ ಕಿತ್ತುಬಂತು. ಎರಡನೆಯದೂ ಹಾಗೆಯೇ, ಹನ್ನೊಂದನೆಯದೂ ಹಾಗೆಯೇ.

"ಬರೆದಿದ್ದೆಲ್ಲ ಆ ಪದರದಲ್ಲೇ ಇರೋದು ಮೇಡಂ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಅಮ್ಮನಿಗೆ, "ತುಂಬಾ ಹಳೇದಾಗ್ಬಿಟ್ಟಿದೆ ಅಮ್ಮಾ, ಅಷ್ಟೇ," ಎಂದರು.

ಆಟೋದಲ್ಲಿ ಅಮ್ಮ ಕೇಳಿದರು: "ನಾನು ಜೋಪಾನವಾಗೇ ಇಟ್ಟಿದ್ನಲ್ವೇನೇ?"

"ಹೌದಮ್ಮಾ" ಎಂದೆ. ಅಮ್ಮನನ್ನು ಹೇಗೆ ದೂರಲಿ? ಕುಂಕುಮ ಹಚ್ಚಿದ ಆ ಫ್ಲಾಪಿಗಳ ಫೋಟೊವನ್ನು ವರ್ಷ ವರ್ಷವೂ ಇಲ್ಲಿ ಹಾಕಿದವಳು ನಾನೇ. ನೀವೆಲ್ಲ ಲೈಕ್ ಒತ್ತಿದ್ದೀರಿ. ಫೋಟೊಗಳಿಗೇನೂ ಆಗಿಲ್ಲ, ಈಗಷ್ಟೇ ನೋಡಿದೆ, ಎಲ್ಲವೂ ಭದ್ರವಾಗಿವೆ.