ಮೈಕ್ ಮುಚ್ಚಿದ್ದ ಅರ್ಧ ನಿಮಿಷ

ಬೆಳಗಿನ ಐದೂ ಐವತ್ತು. ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಒಣಗಿಸುವ ಯಂತ್ರ ಆಗಷ್ಟೇ ನಿಂತಿದೆ. ಐವತ್ತನಾಲ್ಕು ವರ್ಷದ ಅಕ್ಕ (ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ) ಬಿಸಿ ಹಾಸನ್ನು ಎದೆಗೊತ್ತಿ, ಅಂಚನ್ನು ಗಲ್ಲದಡಿ ಸಿಕ್ಕಿಸಿ, ನಾಲ್ಕೇ ಚಲನೆಯಲ್ಲಿ ಮಡಚುತ್ತಾರೆ. ಒಂದಕ್ಕೆ ಹನ್ನೊಂದು ಸೆಕೆಂಡು. ಒಂದು ಪಾಳಿಗೆ ಇನ್ನೂರ ಅರವತ್ತು ಹಾಸು. ದಿಂಬಿನ ಗವಸುಗಳು ಬೇರೆ.

ಇಂದು ಗವಸುಗಳ ರಾಶಿಗೆ ಅವರ ಮೊಬೈಲ್ ಒರಗಿ ನಿಂತಿದೆ. ಆರು ಗಂಟೆಗೆ ಆ ಪುಟ್ಟ ಪರದೆಯಲ್ಲಿ ಅವರದೇ ಓದುಗರ ಆನ್‌ಲೈನ್ ಸಮಾವೇಶ. ಹಲವು ಊರುಗಳ ಅಭಿಮಾನಿಗಳಿಗೆ ಹೊಂದುವ ವೇಳೆ ಇದೊಂದೇ. ಅಕ್ಕನಿಗೆ ರಜೆ ಸಿಕ್ಕಿಲ್ಲ.

ಹಾಸು ಮಡಚುವ ಈ ಕೈ ಹದಿನೈದು ಕಾದಂಬರಿಗಳನ್ನು ಬರೆದಿದೆ ಎಂಬುದು ಮೇಲಿನ ಮೂರು ಅಂತಸ್ತುಗಳಲ್ಲಿ ಯಾರಿಗೂ ತಿಳಿಯದು. ಎಲ್ಲ ಕಾದಂಬರಿಗಳ ನಾಯಕಿ ಒಬ್ಬಳೇ: ಸರಕು ಹಡಗು ನಡೆಸುವ ‘ಕಪ್ತಾನಮ್ಮ’. ಗಂಡ ತೀರಿಕೊಂಡ ವರ್ಷ, ವಾರ್ಡಿನಿಂದ ಬರುವ ಬಟ್ಟೆ ಚೀಟಿಗಳ ಹಿಂಬದಿಯಲ್ಲಿ ಬರವಣಿಗೆ ಶುರುವಾಯಿತು. ಅಕ್ಕ ಇಂದಿಗೂ ಸಮುದ್ರ ಕಂಡಿಲ್ಲ. “ಓಣಿ ದಾಟದೋಳು ಊರಿಗೆಲ್ಲ ಕಡಲು ದಾಟಿಸ್ತಾಳೆ ಅಂತ ನಮ್ಮತ್ತೆ ಈಗ್ಲೂ ಅಂತಾರೆ” ಎಂದು ನಗುತ್ತಾರೆ. ಅತ್ತೆ ಮತ್ತು ಸೊಸೆ ಇರುವುದು ಒಂದೂವರೆ ಕೋಣೆಯ ಮನೆಯಲ್ಲಿ. ಆ ಅರ್ಧ ಕೋಣೆಯಲ್ಲಿ, ಅಕ್ಕಿ ಡಬ್ಬದ ಪಕ್ಕ, ಹದಿಮೂರು ಪತ್ರಗಳಿರುವ ಒಂದು ಪೆಟ್ಟಿಗೆ ಇದೆ.

ಪತ್ರಗಳೆಲ್ಲ ಒಬ್ಬರವೇ. ಎರಡನೆಯ ಕಾದಂಬರಿಯಲ್ಲಿ ಸೂರ್ಯೋದಯದ ಹೊತ್ತಿಗೆ ಪೂರ್ವದಲ್ಲಿ ಹುಣ್ಣಿಮೆಯ ಚಂದ್ರ ಏರಿದ್ದ. ಹದಿನೈದು ದಿನಕ್ಕೆ ಮೊದಲ ಪತ್ರ ಬಂತು: “ಮಾನ್ಯರೇ, ಆ ಹೊತ್ತಿಗೆ ಹುಣ್ಣಿಮೆಯ ಚಂದ್ರ ಪಶ್ಚಿಮದಲ್ಲಿ ಮುಳುಗುತ್ತಿರುತ್ತಾನೆ. ದಯವಿಟ್ಟು ಒಮ್ಮೆ ತಾರಸಿಗೆ ಹೋಗಿ ನೋಡಿ. ಉತ್ತರ ಬೇಡ, ತಿದ್ದಿಕೊಂಡರೆ ಸಾಕು.” ವಿಳಾಸವಿರಲಿಲ್ಲ, ಕೆಳಗೆ ‘ನಿವೃತ್ತ ವಿಜ್ಞಾನ ಶಿಕ್ಷಕ’ ಎಂದಷ್ಟೇ ಇತ್ತು. ಆಮೇಲೆ ಪ್ರತಿ ಪುಸ್ತಕದಲ್ಲೂ ಚಂದ್ರ ಒಮ್ಮೆ ದಾರಿ ತಪ್ಪಿದ. ಪ್ರತಿ ಸಲವೂ ಪುಟಸಂಖ್ಯೆಯೊಡನೆ ಪತ್ರ ಬಂತು. ಅಭಿಮಾನಿಗಳ ಬಾಯಲ್ಲಿ ಅವರು ‘ಚಂದ್ರನ ಮೇಷ್ಟ್ರು’ ಆದರು.

ಹದಿನೈದನೆಯ ಪುಸ್ತಕ ಬಂದು ಎರಡು ತಿಂಗಳಾದರೂ ಪತ್ರವಿಲ್ಲ. ಆದರೆ ಇಂದಿನ ಪಟ್ಟಿಯಲ್ಲಿ ‘ನಿವೃತ್ತ ವಿಜ್ಞಾನ ಶಿಕ್ಷಕ’ ಎಂಬ ಹೆಸರಿದೆ. “ಅವರಿಗೊಂದು ಮಾತು ಹೇಳೋದಿದೆ. ವಿಳಾಸ ಇಲ್ದೆ ಇಷ್ಟು ವರ್ಷ ಉಳ್ಕೊಂಡಿದೆ” ಎನ್ನುತ್ತಾ ಅಕ್ಕ ಸೆರಗಿನಿಂದ ಪರದೆ ಒರೆಸುತ್ತಾರೆ.

ಆರಕ್ಕೆ ಪರದೆಯಲ್ಲಿ ಮೂವತ್ತೇಳು ಚೌಕಗಳು ತೆರೆದುಕೊಳ್ಳುತ್ತವೆ. ಕಪ್ತಾನಮ್ಮನಿಗೆ ಮದುವೆ ಯಾವಾಗ ಎಂದು ಯಾರೋ ಕೇಳುತ್ತಾರೆ. “ಹಡಗೇ ಸಾಕಾಗಿದೆ ಕಣಪ್ಪಾ ಅವಳಿಗೆ” ಎಂದು ಅಕ್ಕ ಮಡಚುತ್ತಲೇ ಉತ್ತರಿಸುತ್ತಾರೆ. ಯಂತ್ರ ನಡೆಸುವ ಸಹೋದ್ಯೋಗಿ ಬಾಗಿಲಿನಿಂದ ಕೂಗುತ್ತಾನೆ: “ಅಕ್ಕಾ, ಅಷ್ಟು ಜನ ಸುಮ್ನೆ ಕೂತವ್ರೆ, ತಲೆಗೆ ಎರಡು ಹಾಸು ಮಡಚಿ ಹೋಗ್ಲಿ ಅನ್ನಿ.” ಚೌಕಗಳಲ್ಲಿ ನಗು ಹರಡುತ್ತದೆ. ಆತ ಯಂತ್ರ ಚಾಲೂ ಮಾಡುತ್ತಾನೆ. ಸದ್ದು ಸಭೆಗೆ ಕೇಳಬಾರದೆಂದು ಅಕ್ಕ ತಮ್ಮ ಮೈಕ್ ಮುಚ್ಚುತ್ತಾರೆ.

ಆಗ ಮೇಷ್ಟ್ರ ಹೆಸರಿನ ಕಪ್ಪು ಚೌಕದಿಂದ ಒಂದು ಹೆಣ್ಣುದನಿ ಬರುತ್ತದೆ.

“ನಾನು ಅವರ ಮಗಳು. ಅಪ್ಪ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಈ ಸಭೆಗೆ ಅವರೇ ಹೆಸರು ಕೊಟ್ಟಿದ್ರು, ಅದಕ್ಕೇ ಬಂದೆ. ಹೊಸ ಪುಸ್ತಕದ ನೂರಾ ಹನ್ನೆರಡನೇ ಪುಟದಲ್ಲಿ ಪೆನ್ಸಿಲ್ ಗುರುತು ಹಾಕಿದ್ದಾರೆ. ಪತ್ರ ಬರೆಯೋಕಾಗ್ಲಿಲ್ಲ.” ಹಾಗೆಯೇ ಮುಂದುವರಿಸುತ್ತಾರೆ: “ಇಷ್ಟು ವರ್ಷ ಹೇಳಿದ್ರೂ ಈ ಯಮ್ಮಂಗೆ ಚಂದ್ರ ತಲೆಗೆ ಹತ್ಲಿಲ್ಲ, ನನ್ನ ಪಾಠವೇ ಸರಿಯಿರ್ಲಿಲ್ವೇನೋ ಅಂತಿದ್ರು.”

ಅಕ್ಕನ ಕೈಯಲ್ಲಿನ ಹಾಸು ಅರ್ಧಕ್ಕೇ ನಿಲ್ಲುತ್ತದೆ. ಅವರು ಪರದೆಗೆ ತೀರ ಹತ್ತಿರ ಬಾಗುತ್ತಾರೆ.

“ಹಾಗಲ್ಲಮ್ಮ. ಮೊದಲನೇ ಪತ್ರಕ್ಕೇ ಕಲ್ತೆ. ತಾರಸಿ ಮೇಲೆ ಒಂದು ತಿಂಗಳು ನಿಂತು ನೋಡಿದ್ದೀನಿ. ಆಮೇಲಿನ ತಪ್ಪೆಲ್ಲ ಬೇಕಂತ್ಲೇ ಇಟ್ಟಿದ್ದು. ತಪ್ಪಿಲ್ದಿದ್ರೆ ಪತ್ರ ಬರ್ತಿರ್ಲಿಲ್ವಲ್ಲಮ್ಮ. ಮನೆಗೆ ನನ್ನ ಹೆಸರಿಗೆ ಅಂತ ಬರ್ತಿದ್ದಿದ್ದು ಅದೊಂದೇ.”

ಚೌಕಗಳಲ್ಲಿನ ಜನ ಕಿವಿ ತೋರಿಸಿ ಕೈಯಾಡಿಸುತ್ತಿದ್ದಾರೆ. “ಮೇಡಂ, ನಿಮ್ಮ ಮೈಕ್ ಮುಚ್ಚಿದೆ” ಎನ್ನುತ್ತಾರೆ ನಿರೂಪಕಿ. ಅಕ್ಕ ಮೈಕ್ ತೆರೆಯುತ್ತಾರೆ. ಆದರೆ ಬರುವುದು ಎರಡೇ ಮಾತು: “ನಮಸ್ಕಾರಮ್ಮ. ಹುಷಾರು.” ಕಪ್ಪು ಚೌಕ ಮರೆಯಾಗುತ್ತದೆ, ಮೂವತ್ತಾರು ಉಳಿಯುತ್ತವೆ.

ಯಂತ್ರ ನಿಲ್ಲಿಸಿದ ಸಹೋದ್ಯೋಗಿ ಮೆಲ್ಲಗೆ ಕೇಳುತ್ತಾನೆ: “ಇನ್ನೊಂದ್ಸಲ ಹೇಳ್ಬೋದಿತ್ತಲ್ಲಕ್ಕಾ?”

“ಹದಿಮೂರು ವರ್ಷದ ಮಾತು ಕಣೋ. ಒಂದೇ ಸಲಕ್ಕೆ ಆಗೋದು.”

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ, ಅಕ್ಕ ಮೊದಲು ಎರಡು ಹಾಸು ಮಡಚುತ್ತಾರೆ. “ಬರೀರಿ. ನನ್ನ ವಿಷಯ ಎಷ್ಟಾದ್ರೂ ಕಮ್ಮಿ ಮಾಡಿ. ಮೇಷ್ಟ್ರ ಪಾಠ ಸರಿಯಾಗಿತ್ತು ಅನ್ನೋದು ಮಾತ್ರ ಬಿಡ್ಬೇಡಿ. ಆ ಹುಡುಗಿ ಓದ್ತಾಳೇನೋ.”

ಅವರ ಚೀಲದಲ್ಲಿ ಹದಿನಾರನೆಯ ಕಾದಂಬರಿಯ ಚೀಟಿಗಳಿವೆ. ಪಾಳಿ ಮುಗಿದ ಮೇಲೆ ಬೆಂಚಿನ ಮೇಲೆ ಕುಳಿತು, ಅದರಲ್ಲೊಂದನ್ನು ಹುಡುಕಿ ತೆಗೆದು, ‘ಪೂರ್ವ’ ಎಂಬುದನ್ನು ಹೊಡೆದುಹಾಕಿ ‘ಪಶ್ಚಿಮ’ ಎಂದು ಬರೆಯುತ್ತಾರೆ.

“ಇನ್ಮೇಲೆ ನೋಡೋರಿಲ್ಲ” ಎನ್ನುತ್ತಾರೆ. “ಅದಕ್ಕೇ ಸರಿಯಾಗಿರ್ಬೇಕು.”