ಎರಡನೇ ಸೆಟ್

ನಮ್ಮ ಸರ್ ಅವರ ಪಾದಗಳು ಅವರವೇ ಅಂತ ಅನ್ನಿಸುತ್ತಿರಲಿಲ್ಲ. ಮೊಣಕಾಲಿನಿಂದ ಕೆಳಗೆ ಬಿಸಿಲಿಗೆ ಸುಟ್ಟು ಕಾದ ಹಂಚಿನ ಬಣ್ಣ. ಕಾಲುಚೀಲ ಮುಚ್ಚುತ್ತಿದ್ದ ಕಡೆ ಮಾತ್ರ ಬೆಳ್ಳಗೆ, ನೆರಳಿನಲ್ಲೇ ಕೂತು ಕೆಲಸ ಮಾಡುವ ಯಾರೋ ಕಾರಕೂನನ ಪಾದಗಳ ಹಾಗೆ. ಮೊದಲ ಸಲ ನಮ್ಮ ಮನೆಗೆ ಬಂದು ಬೂಟು ಬಿಚ್ಚಿ ಚಾಪೆಯ ಮೇಲೆ ಕೂತಾಗ ಅವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಧಾರವಾಡದಿಂದ ಹರೆಯದಲ್ಲಿ ಪುಣೆಗೆ ಬಂದು, ಆಮೇಲಿನ ಆಯುಷ್ಯವನ್ನೆಲ್ಲ ಟೆನ್ನಿಸ್ ಅಂಗಳದಲ್ಲಿ ನಿಂತೇ ಕಳೆದ ಮನುಷ್ಯ ಅವರು. ಮಳೆಗಾಲದಲ್ಲಿ ಆಟ ನಿಂತಾಗಲೂ ಆ ಬಣ್ಣ ಹೋಗುತ್ತಿರಲಿಲ್ಲ.

ಅವರು ನನಗೆ ಸಿಕ್ಕಿದ್ದು ಮೆಣಸಿನಕಾಯಿಯಿಂದ. ಅಪ್ಪ ಮಾರ್ಕೆಟ್ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಸರ್ ಪ್ರತಿ ಬೇಸಿಗೆ ಅಲ್ಲಿಗೆ ಬ್ಯಾಡಗಿ ಮೆಣಸಿನಕಾಯಿ ಒಯ್ಯಲು ಬರುತ್ತಿದ್ದರು, ಕನ್ನಡ ಮಾತಾಡುವುದಕ್ಕೆ ಅರ್ಧ ತಾಸು ಹೆಚ್ಚಿಗೇ ನಿಲ್ಲುತ್ತಿದ್ದರು. ನಾನು ಆಗ ನಾಲ್ಕನೇ ಇಯತ್ತೆ. ರಜೆಯಲ್ಲಿ ಅಂಗಡಿಗೆ ಹೋಗಿ ಚೀಲಗಳ ಮೇಲಿನಿಂದ ಜಿಗಿಯುತ್ತಿದ್ದೆ. ಅದನ್ನು ನೋಡಿದ ಸರ್ ಅಪ್ಪನಿಗೆ, "ಈ ಹುಡುಗಿ ಕೈ ಉದ್ದ ಅದಾವ್ರಿ. ನಾಳಿಂದ ನನ್ನ ಕಡೆ ಕಳಸ್ರಿ," ಅಂದರು. ನಮ್ಮಂಥವರಿಗೆ ಆ ಆಟ ಎಲ್ಲಿಯದು ಎಂದು ಅಪ್ಪ ನಕ್ಕು ಸುಮ್ಮನಾದ. ಮರುದಿನ ಬೆಳಿಗ್ಗೆ ಸರ್ ತಾವೇ ಸ್ಕೂಟರ್ ತಂದು ನಮ್ಮ ಚಾಳಿನ ಮುಂದೆ ನಿಲ್ಲಿಸಿದರು. ಆಮೇಲೆ ಎಷ್ಟೋ ವರ್ಷ ಆ ಸ್ಕೂಟರ್ ಹಾಗೆ ಬಂದು ನಿಲ್ಲುತ್ತಿತ್ತು. ಫೀ ಮಾತು ತೆಗೆದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಅವರು ಹೊಗಳುತ್ತಿರಲಿಲ್ಲ. ಒಳ್ಳೆಯ ಹೊಡೆತ ಹೊಡೆದರೆ "ಮುಂದಿಂದು" ಅನ್ನುತ್ತಿದ್ದರು. ಕೆಟ್ಟದ್ದು ಹೊಡೆದರೂ "ಮುಂದಿಂದು". ಹದಿನಾಲ್ಕು ವರ್ಷದೊಳಗಿನವರ ರಾಜ್ಯ ಪ್ರಶಸ್ತಿ ಗೆದ್ದು ಬಂದು ಕಪ್ಪನ್ನು ಅವರ ಕೈಗೆ ಕೊಟ್ಟಾಗ ಅದನ್ನು ತಿರುಗಿಸಿ ತಳ ನೋಡಿ, ನಾಳೆ ಬೆಳಿಗ್ಗೆ ಸರ್ವ್ ಅಭ್ಯಾಸ ಅದ, ತಡ ಮಾಡಬೇಡ ಅಂದಿದ್ದರು. ಬೇರೆ ಹುಡುಗಿಯರು ಮರಾಠಿಯಲ್ಲಿ ಅವರನ್ನು ಬೈದುಕೊಳ್ಳುತ್ತಿದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ಅವರ ಜೊತೆ ಕನ್ನಡ ಮಾತಾಡುವವಳು ನಾನೊಬ್ಬಳೇ ಎಂಬುದೇ ನನಗೊಂದು ಬಹುಮಾನವಾಗಿತ್ತು.

ಆ ಕನ್ನಡಕ್ಕೆ ಇನ್ನೊಂದು ಉಪಯೋಗವೂ ಇತ್ತು. ಆಗ ಪಂದ್ಯದ ನಡುವೆ ಕೋಚ್ ಮಾತಾಡುವಂತಿರಲಿಲ್ಲ. ಸರ್ ಅಂಗಳದ ಸುತ್ತಲಿನ ತಂತಿ ಜಾಳಿಗೆಯ ಆಚೆ ನಿಂತು ಫೋನನ್ನು ಕಿವಿಗೆ ಹಚ್ಚಿ, ಮನೆಯವರೊಂದಿಗೆ ಮಾತಾಡುವವರ ಹಾಗೆ, "ಎಡಗಡಿ ಮನಿಗೆ ಹೋಗು, ಅಲ್ಲಿ ಯಾರೂ ಇಲ್ಲ," ಅನ್ನುತ್ತಿದ್ದರು. ಎದುರಾಳಿಯ ಎಡಗಡೆಗೆ ಹೊಡೆ ಎಂದು ಅದರ ಅರ್ಥ. ಒಮ್ಮೆ ಸೋಲಾಪುರದ ಕಡೆಯ ರೆಫರಿಯೊಬ್ಬರು ಹತ್ತಿರ ಬಂದು, "ಸರ, ಮನಿಯವರಿಗೆ ಮ್ಯಾಚ್ ಮುಗದ ಮ್ಯಾಲ ಫೋನ್ ಮಾಡ್ರಿ," ಅಂದಾಗ ಸರ್ ಅವರ ಮುಖ ನೋಡಬೇಕಾಗಿತ್ತು. ಸ್ಕೂಟರಿನ ಮೇಲೆ ಮನೆ ಮುಟ್ಟುವವರೆಗೂ ಇಬ್ಬರೂ ನಕ್ಕಿದ್ದೆವು.

ಶಾಲೆ ಮುಗಿಸಿದ ಮೇಲೆ ನಾನು ವೃತ್ತಿ ಆಟಗಾರ್ತಿಯಾದೆ. ಹಾಗೆಂದರೆ ಟೀವಿಯಲ್ಲಿ ಕಾಣುವ ಟೆನ್ನಿಸ್ ಅಲ್ಲ. ಅದಕ್ಕಿಂತ ಎಷ್ಟೋ ಮೆಟ್ಟಿಲು ಕೆಳಗೆ, ನೋಡುವವರಿಲ್ಲದ ಅಂಗಳಗಳಲ್ಲಿ ವಾರಕ್ಕೊಂದು ಊರು. ಅಹಮದಾಬಾದ್, ಸೋಲಾಪುರ, ಕೈಗೆ ದುಡ್ಡು ಬಂದರೆ ಥಾಯ್ಲೆಂಡ್, ತಾಷ್ಕೆಂಟ್. ಇಬ್ಬರು ಹುಡುಗಿಯರು ಒಂದು ಕೋಣೆ ಹಂಚಿಕೊಂಡು, ಬಚ್ಚಲಲ್ಲಿ ಬಟ್ಟೆ ಒಗೆದುಕೊಂಡು, ಸೋತ ದಿನವೇ ಮುಂದಿನ ರೈಲು ಹಿಡಿಯುವ ಜೀವನ. ರ‍್ಯಾಂಕಿಂಗ್ ಒಂದೊಂದೇ ಅಂಕದಿಂದ ಮೇಲೇರುತ್ತಿತ್ತು. ದೊಡ್ಡ ಟೂರ್ನಿಗಳ ಅರ್ಹತಾ ಸುತ್ತು ಇನ್ನೇನು ಕೈಗೆ ಸಿಗುವಷ್ಟು ದೂರದಲ್ಲಿ ಕಾಣುತ್ತಿತ್ತು. ಎಲ್ಲಿ ಆಡಿದರೂ ಸಂಜೆ ಸರ್ ಫೋನು ಮಾಡಿ ಪ್ರತಿ ಗೇಮನ್ನೂ ಹೇಳಿಸಿ ಕೇಳುತ್ತಿದ್ದರು.

ಅದೇ ಹೊತ್ತಿಗೆ ಪುಣೆಯಲ್ಲಿ ಅವರ ದಿನಗಳು ಇಳಿಯುತ್ತಿದ್ದವು. ನಗರದ ಅಂಚಿನಲ್ಲಿ ಹೊಸದೊಂದು ಅಕಾಡೆಮಿ ಎದ್ದಿತು. ಹೊರದೇಶದ ಕೋಚ್‌ಗಳು, ಹವಾನಿಯಂತ್ರಿತ ಜಿಮ್. ಸರ್ ಬೆಳೆಸಿದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಆ ಕಡೆ ಹೋದರು. ಕ್ಲಬ್ಬಿನವರು ಬೆಳಗಿನ ಹೊತ್ತಿನ ಅಂಗಳಗಳನ್ನು ಅವರಿಂದ ತೆಗೆದುಕೊಂಡು, ಸಂಜೆ ಮುದುಕರ ಗುಂಪು ಆಡಿ ಹೋದ ಮೇಲೆ ಉಳಿಯುವ ಒಂದನ್ನು ಕೊಟ್ಟರು. ಅವರು ಯಾರ ಮುಂದೆಯೂ ದೂರಲಿಲ್ಲ. ಆದರೆ ಪಂದ್ಯಗಳಿಗೆ ಬಂದಾಗ ಹೊಸ ಹೊಸ ಮುಖದವರ ಜೊತೆ ಮೂಲೆಯಲ್ಲಿ ನಿಂತಿರುವುದು ಕಾಣತೊಡಗಿತು. ನೋಡುವವರೇ ಇಲ್ಲದ ನಮ್ಮ ಪಂದ್ಯಗಳ ಮೇಲೂ, ಒಂದೊಂದು ಸೆಟ್ಟಿನ ಮೇಲೂ, ಎಲ್ಲೆಲ್ಲಿಂದಲೋ ಜನ ಬಾಜಿ ಕಟ್ಟುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೂ ಆ ಹೊಸಬರನ್ನು ನೋಡಿ ನನಗೆ ಸಂಶಯ ಬರಲಿಲ್ಲ.

ಆ ವರ್ಷ ಪುಣೆಯಲ್ಲೇ ಒಂದು ಟೂರ್ನಿ. ಎರಡನೇ ಸುತ್ತಿನಲ್ಲಿ ನನಗಿಂತ ಬಹಳ ಮೇಲಿನ ಕ್ರಮಾಂಕದ ಕಜಕಸ್ತಾನದ ಹುಡುಗಿ ಎದುರಾಳಿ. ಹಿಂದಿನ ದಿನ ಸಂಜೆ ಅಂಗಳದ ಪಕ್ಕದ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಸುತ್ತ ಆಟಗಾರರು, ಅವರ ತಂದೆತಾಯಿಗಳು, ಎಲ್ಲರೂ ಮರಾಠಿ, ಹಿಂದಿ. ಆ ಗದ್ದಲದ ನಡುವೆ ಸರ್ ದನಿ ತಗ್ಗಿಸದೆಯೇ ಕನ್ನಡದಲ್ಲಿ ಹೇಳಿದರು: "ನಾಳೆ ಮೊದಲನೇ ಸೆಟ್ ನಿಂದು. ಎರಡನೇದು ಬಿಡು. ಮೂರನೇದು ಮತ್ತ ನಿಂದ."

ಕಾಲಿಗೆ ವಿಶ್ರಾಂತಿ ಕೊಡುವ ಯಾವುದೋ ಉಪಾಯ ಇರಬೇಕು ಅಂದುಕೊಂಡು ಯಾಕೆ ಅಂತ ಕೇಳಿದೆ.

"ಯಾಕ ಅಂತ ಕೇಳಬ್ಯಾಡ. ಮ್ಯಾಚ್ ಸೋಲು ಅನ್ನಂಗಿಲ್ಲ ನಾ. ಒಂದು ಸೆಟ್, ಅಷ್ಟ."

ಅವರು ನನ್ನ ಕಣ್ಣು ನೋಡದೆ ಕಪ್ಪಿನೊಳಗೆ ನೋಡುತ್ತಿದ್ದರು. ಆಗ ನನಗೆ ತಿಳಿಯಿತು. ಮನೆಯ ಮಾತಿನಲ್ಲಿ, ಮಂದಿಯ ನಡುವೆ, ನನ್ನನ್ನು ಏನು ಕೇಳುತ್ತಿದ್ದಾರೆ ಎಂದು ತಿಳಿಯಿತು.

"ನನ್ನ ಕಡೆ ಆಗೂದಿಲ್ರಿ ಸರ," ಅಂದೆ.

ಅವರು ಆಯಿತು ಎಂಬಂತೆ ತಲೆಯಾಡಿಸಿದರು. ಉಳಿದ ಚಹಾ ಕುಡಿದು, ಲಗೂ ಮಲಗು ಎಂದು ಹೇಳಿ ಎದ್ದುಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಯಾರಾದರೂ ಹೀಗೆ ಕೇಳಿದರೆ ಕೂಡಲೇ ದೂರು ಕೊಡಬೇಕೆಂಬ ನಿಯಮ ನನಗೆ ಗೊತ್ತಿತ್ತು. ಪ್ರತಿ ವರ್ಷ ಅದನ್ನು ಓದಿಯೇ ನಾವು ಸಹಿ ಮಾಡುತ್ತಿದ್ದೆವು. ಆದರೆ ನಮ್ಮ ಸರ್ ಮೇಲೆ ದೂರು ಕೊಡುವುದು ಎಂಬ ಯೋಚನೆ ನನಗೆ ಬರಲೇ ಇಲ್ಲ.

ಮರುದಿನ ಮೊದಲ ಸೆಟ್ ಗೆದ್ದೆ. ಎರಡನೆಯದರಲ್ಲಿ ಒಂದು ಗೇಮೂ ಬಿಡಬಾರದೆಂದು ಹಲ್ಲು ಕಚ್ಚಿ ನಿಂತೆ. ಆ ಹಟವೇ ನನ್ನನ್ನು ಕೆಡಿಸಿತು. ತೋಳು ಮರಗಟ್ಟಿತು. ಸರ್ವ್ ಮಾಡಿದರೆ ಚೆಂಡು ನೆಟ್ಟಿಗೆ, ಇನ್ನೊಂದು ಮಾಡಿದರೆ ಗೆರೆಯ ಆಚೆ. ಒಂದೊಂದು ಡಬಲ್ ಫಾಲ್ಟಿಗೂ ನನ್ನ ಮೈ ಸುಳ್ಳು ಹೇಳುತ್ತಿದೆ ಅನ್ನಿಸಿತು. ಏನಾದರೂ ಹೇಳಲಿ ಎಂದು ಜಾಳಿಗೆಯ ಕಡೆ ನೋಡಿದೆ. ಸರ್ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ಒಂದೇ ಒಂದು ಗೇಮ್ ಗೆದ್ದು ಸೆಟ್ ಸೋತೆ. ಹೋಗಿದ್ದು ಹೋಯಿತು ಅಂದುಕೊಂಡ ಕೂಡಲೇ ತೋಳು ಸಡಿಲಾಯಿತು. ಮೂರನೇ ಸೆಟ್ ಗೆದ್ದೆ. ಅಷ್ಟು ಮೇಲಿನ ಕ್ರಮಾಂಕದ ಆಟಗಾರ್ತಿಯನ್ನು ನಾನು ಅದಕ್ಕೆ ಮುಂಚೆ ಸೋಲಿಸಿರಲಿಲ್ಲ, ಆಮೇಲೂ ಸೋಲಿಸಲಿಲ್ಲ.

ಅಂಗಳದಿಂದ ಹೊರಗೆ ಬಂದಾಗ ಸರ್ ಎದುರಿಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಛಲೋ ಮಾಡಿದಿ, ತಂಗಿ," ಅಂದರು.

ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಕ್ಷಣಮಾತ್ರ ಅದು ಗೆಲುವಿಗೆ ಅಂದುಕೊಂಡೆ. ಆಮೇಲೆ ಅವರ ಕಣ್ಣಿನಲ್ಲಿ ನೀರು ಕಂಡು, ಅದು ಎರಡನೇ ಸೆಟ್ಟಿಗೆ ಎಂದು ಗೊತ್ತಾಯಿತು. ಅಲ್ಲ ಅನ್ನುವಷ್ಟರಲ್ಲಿ ಜನ ಸುತ್ತುಗಟ್ಟಿದರು. ಅವರು ಹೊರಟುಹೋಗಿದ್ದರು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಸಂಜೆಯ ಫೋನೂ ಕ್ರಮೇಣ ನಿಂತುಹೋಯಿತು.

ಮರುವರ್ಷ ಎಲ್ಲೋ ಒಬ್ಬ ಬಾಜಿಯವನು ಸಿಕ್ಕಿಬಿದ್ದ. ಆಟದಲ್ಲಿನ ಮೋಸವನ್ನು ತನಿಖೆ ಮಾಡುವ ವಿದೇಶದ ಸಂಸ್ಥೆಯವರು ಸರ್ ಅವರನ್ನು ಕರೆದರು. ಬಾಯಿಬಿಟ್ಟರೆ ಶಿಕ್ಷೆ ಕಡಿಮೆ ಎಂದು ಹೇಳಿದ್ದರಂತೆ. ಸರ್ ನನ್ನ ಹೆಸರು ಹೇಳಿದರು. "ನಾನು ಕೇಳಿದೆ, ಆಕಿ ಮಾಡಿಕೊಟ್ಟಳು," ಎಂದರು.

ನನ್ನ ವಿಚಾರಣೆ ವೀಡಿಯೋ ಕರೆಯಲ್ಲಿ ನಡೆಯಿತು. ಪರದೆಯ ಆಚೆ ಇದ್ದ ಹೆಂಗಸು ತುಂಬಾ ಸಭ್ಯಳು. ನಿಮ್ಮ ಕೋಚ್ ಹಾಗೆ ಕೇಳಿದ್ದರೇ ಎಂದಳು. ಹೌದು ಅಂದೆ. ಯಾರಿಗಾದರೂ ತಿಳಿಸಿದಿರಾ ಎಂದಳು. ಇಲ್ಲ ಅಂದೆ. ಸೆಟ್ ಬಿಟ್ಟಿರಾ ಎಂದಳು. ಇಲ್ಲ, ಸೋತೆ ಅಂದೆ. ಮೊದಲ ಸೆಟ್ ಗೆಲುವು, ಎರಡನೆಯದು ಸೋಲು, ಮೂರನೆಯದು ಮತ್ತೆ ಗೆಲುವು. ಅವಳ ಜಾಗದಲ್ಲಿ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ. ಬಿಟ್ಟೆ ಎಂಬುದನ್ನು ಅವರು ಸಾಬೀತುಮಾಡಲಾಗಲಿಲ್ಲ. ತಿಳಿಸಲಿಲ್ಲ ಎಂಬುದಕ್ಕೆ ಎರಡು ವರ್ಷ ನಿಷೇಧ ಹಾಕಿದರು. ಬಾಯಿಬಿಟ್ಟರೂ ಸರ್ ಅವರಿಗೆ ಆಜೀವ ನಿಷೇಧ. ಪತ್ರಿಕೆಗಳು ಇಬ್ಬರ ಫೋಟೋವನ್ನೂ ಅಕ್ಕಪಕ್ಕ ಹಾಕಿದವು. ಓದಿದವರಿಗೆ ಸೆಟ್ ಬಿಡುವುದಕ್ಕೂ ತಿಳಿಸದೇ ಇರುವುದಕ್ಕೂ ಇರುವ ವ್ಯತ್ಯಾಸ ಬೇಕಾಗಿರಲಿಲ್ಲ. ಅಡತಿ ಅಂಗಡಿಯ ಮಾಲೀಕ ಸೇಟಜಿ ಅಪ್ಪನಿಗೆ ಏನೂ ಅನ್ನಲಿಲ್ಲವಂತೆ; ಚಹಾಕ್ಕೆ ಕರೆಯುವುದನ್ನು ಮಾತ್ರ ಬಿಟ್ಟನಂತೆ.

ನಿಷೇಧ ಮುಗಿಯುವ ಹೊತ್ತಿಗೆ ನನ್ನ ರ‍್ಯಾಂಕಿಂಗ್ ಅಳಿಸಿಹೋಗಿತ್ತು. ಮತ್ತೆ ತಳದಿಂದ ಶುರುಮಾಡಿದೆ. ಆದರೆ ಬಿಗಿಯಾದ ಗಳಿಗೆಯಲ್ಲಿ ಹಾಳು ಸರ್ವ್ ಆ ಎರಡನೇ ಸೆಟ್ಟಿನ ಹಾಗೇ ಕೈಕೊಡುತ್ತಿತ್ತು. ಎಷ್ಟೋ ಜನರಿಗೆ ತೋರಿಸಿದೆ, ಯಾರಿಗೂ ಅದು ಯಾಕೆಂದು ಹೇಳಲಾಗಲಿಲ್ಲ. ಹದಿನೆಂಟರ ಹುಡುಗಿಯರ ಕೈಲಿ ಸೋತು ಸೋತು ಆಟ ಬಿಟ್ಟೆ. ಈಗ ಪುಣೆಯ ಖರಾಡಿ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಬೆಂಗಳೂರಿನ ಕಡೆಯ ಒಬ್ಬ ತಾಯಿ, ತುಂಬಾ ಒಳ್ಳೆಯವರು, ಇಂಟರ್ನೆಟ್ಟಿನಲ್ಲಿ ನನ್ನ ಹೆಸರು ಹುಡುಕಿದ ಮರುವಾರ ಮಗಳನ್ನು ಈಜಿಗೆ ಸೇರಿಸಿದರು.

ಹೋದ ವರ್ಷ ಸರ್ ಅವರ ಹೆಂಡತಿ ಫೋನು ಮಾಡಿದರು. ಅವರನ್ನು ನಾವು ಕಾಕು ಅನ್ನುತ್ತಿದ್ದೆವು. ಸರ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್, ಡಾಕ್ಟರು ಕೈಬಿಟ್ಟಿದ್ದಾರೆ, ನಿನ್ನನ್ನು ಕೇಳುತ್ತಾರೆ ಎಂದರು. ಹೋಗಬಾರದು ಅಂದುಕೊಂಡೆ. ಕಡೆಗೊಂದು ಮಧ್ಯಾಹ್ನ ಹೋದೆ. ಅವರನ್ನು ಬೈಯಬೇಕು, ಅವರು ಅಳುವುದನ್ನು ನೋಡಬೇಕು ಎಂಬ ಆಸೆಯಿಂದಲೇ ಹೋದೆ.

ದಿಂಬಿಗೆ ಒರಗಿ ಕೂತಿದ್ದರು. ನನ್ನ ಹೆಸರು ಯಾಕೆ ಹೇಳಿದಿರಿ ಎಂದು ನಿಂತೇ ಕೇಳಿದೆ.

"ಖರೇ ಹೇಳಿದೆ," ಅಂದರು. "ಕೇಳಿದ್ದು ನಾನು, ಮಾಡಿದ್ದು ನೀನು."

"ಸರ, ನಾ ಆ ಸೆಟ್ ಬಿಟ್ಟಿದ್ದಿಲ್ರಿ. ಸೋತೆ."

ಅವರ ಮುಖದಲ್ಲಿ ಪಶ್ಚಾತ್ತಾಪಕ್ಕಾಗಿ ಹುಡುಕಿದೆ. ಅಲ್ಲಿ ಇದ್ದದ್ದು ಬೇಜಾರು, ಪಾಠ ತಪ್ಪಿದಾಗ ಬರುವಂಥದ್ದು.

"ಹಂಗಂದ್ರ ಅಷ್ಟ ಕೆಟ್ಟ ಆಡಿದ್ದೇನು ನೀ?"

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಕಾಕು ನೀರು ತಂದರು. ಅವರು ಬೇಡವೆಂದು ಕೈಯಾಡಿಸಿ, ಉಸಿರು ಹಿಡಿದು ಹಿಡಿದು ಮಾತಾಡಿದರು. "ಚೆಂಡು ತಲಿ ಹಿಂದ ಎಸ್ಯಾಕ ಹತ್ತಿದ್ದಿ. ಎಡಗೈ ಲಗೂ ಇಳಸತಿದ್ದಿ, ಅದಕ್ಕ. ನಾ ನೋಡಿದೆ. ಬೇಕಂತ ಮಾಡಾಕ ಹತ್ಯಾಳ ಅಂತ ಸುಮ್ಮನಾದೆ. ಇಲ್ಲಂದ್ರ ಹೇಳತಿದ್ದೆ."

ಇಷ್ಟೇ. ತಪ್ಪಾಯಿತು ಅನ್ನಲಿಲ್ಲ. ಮೊದಲು ಹೇಳಬಾರದಾಗಿತ್ತೇ ಎಂದು ನಾನೂ ಕೇಳಲಿಲ್ಲ. ಅವರಿಗೆ ಕೆಮ್ಮು ಹತ್ತಿತು. ನಾನು ಹೊರಟೆ.

ಹದಿನೈದು ದಿನಕ್ಕೆ ತೀರಿಕೊಂಡರು. ವೈಕುಂಠ ಸ್ಮಶಾನದಲ್ಲಿ ಬೆರಳೆಣಿಕೆಯ ಮಂದಿ ಇದ್ದೆವು. ಕ್ಲಬ್ಬಿನಿಂದ ಯಾರೂ ಬರಲಿಲ್ಲ. ಅವರು ಕಲಿಸಿದ, ಈಗ ದೊಡ್ಡ ಅಕಾಡೆಮಿಗಳಲ್ಲಿ ಕೋಚ್ ಆಗಿರುವವರಲ್ಲೂ ಯಾರೂ ಬರಲಿಲ್ಲ. ಬಂದರೆ ಯಾರಾದರೂ ನೋಡಿಯಾರೆಂಬ ಭಯ. ನನಗೆ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ, ಹೋದೆ. ಕಾಕು ನನ್ನ ಭುಜ ಹಿಡಿದುಕೊಂಡು ಅತ್ತರು. ನನಗೆ ಕಣ್ಣೀರು ಬರಲಿಲ್ಲ.

ಆ ವಾರ ಮಕ್ಕಳು ಹೋದ ಮೇಲೆ ಖಾಲಿ ಅಂಗಳದಲ್ಲಿ ನಿಂತು ಎಡಗೈಯನ್ನು ಮೇಲೆಯೇ ಇನ್ನೊಂದಿಷ್ಟು ಹೊತ್ತು ಹಿಡಿದು ಸರ್ವ್ ಮಾಡಿದೆ. ಚೆಂಡು ನೇರವಾಗಿ ಹೋಗಿ ಮೂಲೆಗೆ ಬಿತ್ತು. ಮತ್ತೊಂದು ಮಾಡಿದೆ, ಅದೂ ಅಲ್ಲಿಗೇ. ಬುಟ್ಟಿ ಖಾಲಿಯಾಗುವವರೆಗೆ ಮಾಡಿದೆ. ತಪ್ಪಿದ್ದು ಎಲ್ಲೋ ಒಂದೆರಡು. ಅವರು ಹೇಳಿದ್ದು ಸರಿಯಾಗಿತ್ತು. ನನಗೆ ವಯಸ್ಸು ಮೂವತ್ತೊಂದು, ಆಡುವುದಕ್ಕೆ ಎಲ್ಲೂ ಪಂದ್ಯವಿರಲಿಲ್ಲ. ಅಂಗಳದ ಆಚೆ ತುದಿಗೆ ಹೋಗಿ ಚೆಂಡುಗಳನ್ನು ಆರಿಸತೊಡಗಿದೆ.